ಗೌರಕ್ಕನ ವೋಟು

ಅವತ್ತು ಅಂಗಡಿ ತೆರೆಯುವಂತಿರಲಿಲ್ಲ. ಆದರೂ ಫಕೀರಪ್ಪನ ಕೈ ಮೊಳೆಗೆ ನೇತುಹಾಕಿದ್ದ ಕೀಲಿಗೊಂಚಲಿನ ಕಡೆಗೆ ಹೋಗಿ ಹೋಗಿ ಬರಿದೇ ವಾಪಸು ಬರುತ್ತಿತ್ತು. ಮಹಾನಗರಪಾಲಿಕೆಯ ಚುನಾವಣೆಯೆಂದು ದುರ್ಗದಬೈಲಿನ ಬಜಾರಿಗೆ ಬಜಾರೇ ಬಾಗಿಲು ಹಾಕಿಕೊಂಡಿತ್ತು. ಕೆಲಸವಿಲ್ಲದ ದಿನ ಅವನು ತನ್ನ ಮನೆಯಲ್ಲೇ ನೆಂಟನಾಗಿಬಿಡುತ್ತಿದ್ದ. ಎಲ್ಲಿ ಕೂತರೂ ಅದು ಇನ್ನೊಬ್ಬರು ಕೂರುವ ಜಾಗ ಅನ್ನಿಸುತ್ತಿತ್ತು. ಅಡಿಗೆಮನೆಯಲ್ಲಿ ಹೆಂಡತಿ ದಾಕ್ಷಾಯಿಣಿ ರೊಟ್ಟಿ ಬಡಿಯುತ್ತಿದ್ದಳು. ಅವನ ಕೈಯಲ್ಲಿದ್ದ ಫೋನು ಎಡೆಬಿಡದೆ ನಡುಗುತ್ತಿತ್ತು. ಪಕ್ಷದ ಕಡೆಯಿಂದ ಈ ಓಣಿಯ ಬೂತು ನೋಡಿಕೊಳ್ಳುವ ಹನಮೇಶ ಗುಂಪಿಗೆ ಒಂದರ ಬೆನ್ನಿಗೊಂದು ಸಂದೇಶ ಹಾಕುತ್ತಿದ್ದ: ಅವರ ಓಣಿಯವರು ಹೊತ್ತು ಹುಟ್ಟುವ ಮೊದಲೇ ಸಾಲು ಹಚ್ಚಿದ್ದಾರೆ, ನಮ್ಮವರು ಇನ್ನೂ ಚಹಾ ಕುಡಿಯುತ್ತ ಕೂತಿದ್ದಾರೆ, ಕಳೆದ ಸಲ ನಮ್ಮವರಲ್ಲಿ ಅರ್ಧಕ್ಕರ್ಧ ಜನ ಮನೆಬಿಟ್ಟು ಹೊರಬೀಳಲಿಲ್ಲ, ಈ ಸಲವಾದರೂ ಏಳಿ. ಪ್ರತಿ ಸಂದೇಶದ ಕೆಳಗೂ ಮುಗಿದ ಕೈಗಳ ಚಿತ್ರದ ಸಾಲು. ಫಕೀರಪ್ಪನೂ ಒಂದು ಜೋಡಿ ಕೈ ಮುಗಿದ. ಮುಗಿದ ಮೇಲೆ ತನ್ನ ಇನ್ನೊಂದು ಕೈಯಲ್ಲಿ ಚಹಾದ ಕಪ್ಪು ಇರುವುದು ನೆನಪಾಗಿ, ಯಾರೋ ನೋಡಿಬಿಟ್ಟರೇನೋ ಎಂಬಂತೆ ಅದನ್ನು ಕಿಟಕಿಯ ಮರೆಗೆ ಸರಿಸಿದ.

ಪಡಸಾಲೆಯಲ್ಲಿ ಅವ್ವ ಗೌರಕ್ಕ ಆಗಲೇ ತಯಾರಾಗಿ ಮಂಚದ ತುದಿಗೆ ಕೂತಿದ್ದಳು. ದಡಿಯ ಇಳಕಲ್ಲ ಸೀರೆ, ತಾನೇ ತಡವರಿಸಿ ಬಳಿದುಕೊಂಡದ್ದರಿಂದ ಒಂದು ಹುಬ್ಬಿನ ಮೇಲಕ್ಕೇ ಹತ್ತಿದ್ದ ವಿಭೂತಿ. ಕಣ್ಣು ಹೋಗಿ ಕೆಲವು ವರ್ಷಗಳಾಗಿದ್ದರೂ ಅವಳು ಬಾಗಿಲ ಕಡೆಗೇ ಮುಖ ಮಾಡಿ ಕೂರುವ ರೂಢಿ ಬಿಟ್ಟಿರಲಿಲ್ಲ; ಬೀದಿಯಲ್ಲಿ ಹೋಗುವವರು ಅವಳು ತಮ್ಮನ್ನು ನೋಡಿದಳೆಂದೇ ತಿಳಿದು ಮಾತಾಡಿಸಿ ಹೋಗುತ್ತಿದ್ದರು. ನಿನ್ನೆ ಊಟದ ಹೊತ್ತಿಗೆ ಅವಳು ಒಂದು ಮಾತು ಹೇಳಿದ್ದಳು. ಕಣ್ಣಿಲ್ಲದವರ ಜೊತೆ ಒಬ್ಬರು ಒಳಗೆ ಹೋಗಿ ಅವರ ಪರವಾಗಿ ಗುಂಡಿ ಒತ್ತಬಹುದಂತೆ ಎಂದು ದಾಕ್ಷಾಯಿಣಿ ತಿಳಿದುಕೊಂಡು ಬಂದು, "ನಾ ಕರಕೊಂಡು ಹೋಗ್ತೇನ್ರಿ ಅತ್ತಿ, ಹೆಣ್ಣಮಕ್ಕಳ ಸಾಲಿನ್ಯಾಗ ನಿಲ್ಲಾಕೂ ಛಲೋ ಆಕ್ಕೈತಿ" ಅಂದಿದ್ದಳು. ಅದಕ್ಕೆ ಗೌರಕ್ಕ ತುತ್ತು ಕೈಯಲ್ಲೇ ಹಿಡಿದು, "ನೀ ಬ್ಯಾಡ. ನನ್ನ ವೋಟು ನನ್ನ ಮಗನ ಹಾಕಬೇಕು" ಅಂದಳು. ದಾಕ್ಷಾಯಿಣಿಯ ಮುಖ ಸಣ್ಣದಾಯಿತು. ಫಕೀರಪ್ಪನಿಗೆ ಮಾತ್ರ ಎದೆಯೊಳಗೆ ಏನೋ ಬಿಸಿಯಾದದ್ದು ಹರಿದಂತಾಗಿ, ತಕ್ಷಣವೇ ಆ ಬಿಸಿಯ ಜೊತೆಗೆ ಅಳುಕೂ ಹರಿಯಿತು. ಯಾಕೆಂದರೆ ಅವ್ವ ಯಾವುದಕ್ಕೆ ಒತ್ತು ಎನ್ನುತ್ತಾಳೆಂಬುದು ಅವನಿಗೆ ಗೊತ್ತಿತ್ತು. ಅವಳು ಹೇಳಿದ್ದನ್ನು ತಾನು ಒತ್ತುವುದಿಲ್ಲ ಎಂಬುದೂ ಗೊತ್ತಿತ್ತು.

ಪಕ್ಕದ ಮನೆಯ ಗುಲ್ನಾಜ ಹೋದ ವಾರ ಮಧ್ಯಾಹ್ನ ಬಂದು ಅವ್ವನ ಕಾಲ ಬಳಿ ಕೂತು ವೋಟು ಕೇಳಿದ್ದಳಂತೆ. ಅವಳ ಮೈದುನ ಶಾನವಾಜ ಆ ಕಡೆಯ ಪಕ್ಷದಿಂದ ನಿಂತಿದ್ದ. ಯಂತ್ರದಲ್ಲಿ ಅವನದು ಮೂರನೇ ಹೆಸರು. ಗೌರಕ್ಕ ಹಣೆಯ ವಿಭೂತಿ ಮುಟ್ಟಿಕೊಂಡು ಹೂಂ ಅಂದಿದ್ದಳಂತೆ. ಇದನ್ನು ದಾಕ್ಷಾಯಿಣಿ ಗಂಡನಿಗೆ ಹೇಳುವಾಗ ದೂರಿನ ದನಿಯಲ್ಲೇನೂ ಹೇಳಿರಲಿಲ್ಲ. ಅವಳು ಸಾಲೆಯ ಕೆಲಸಕ್ಕೆ ಹೋದರೆ ವಾಪಸಾಗುವುದು ಸಂಜೆ. ಅಲ್ಲಿಯವರೆಗೆ ಅತ್ತೆಯನ್ನು ಬಚ್ಚಲಿಗೆ ಕರೆದೊಯ್ಯುವವಳು, ಬಿಸಿಲು ಬಂದ ಕಡೆಗೆ ಮಂಚ ಎಳೆಯುವವಳು, ಅನ್ನ ಕಲಸಿ ಕೈಗೆ ಕೊಡುವವಳು ಗುಲ್ನಾಜಳೇ. ಒಂದು ಕಾಲದಲ್ಲಿ ಅವಳಿಗೆಂದು ನೀರಿನ ತಂಬಿಗೆಯನ್ನೂ ಬೇರೆ ಇಡುತ್ತಿದ್ದ ಗೌರಕ್ಕ ಈಗ ಅವಳು ಕಲಸಿದ ಅನ್ನಕ್ಕೆ ಉಪ್ಪು ಕಡಿಮೆಯಾಯಿತೆಂದು ಅವಳ ಮೇಲೆಯೇ ಸಿಡುಕುವಷ್ಟು ಬದಲಾಗಿದ್ದಳು. ಅಥವಾ ಕಣ್ಣು ಹೋದದ್ದಕ್ಕೆ ಬದಲಾಗಬೇಕಾಗಿ ಬಂದಿತ್ತು. ಇವೆರಡರಲ್ಲಿ ಯಾವುದು ನಿಜ ಎಂದು ಫಕೀರಪ್ಪ ಯಾವತ್ತೂ ವಿಚಾರ ಮಾಡಿರಲಿಲ್ಲ. ಮಧ್ಯಾಹ್ನ ಮನೆಯಲ್ಲಿ ಏನಾಗುತ್ತದೆ ಎಂಬ ಚಿಂತೆಯಿಲ್ಲದೆ ಅಂಗಡಿಯಲ್ಲಿ ಕೂರಬಹುದು, ಅಷ್ಟು ಸಾಕಾಗಿತ್ತು ಅವನಿಗೆ.

ಅವನದು ಮ್ಯಾಚಿಂಗ್ ಸೆಂಟರು. ಅಸ್ತರು, ಫಾಲು, ಕುಬಸದ ಬಟ್ಟೆ. ಹೆಂಗಸರು ಸೀರೆಯ ಸೆರಗು ಚಾಚಿದರೆ ಅದಕ್ಕೊಪ್ಪುವ ಬಣ್ಣವನ್ನು ಕಣ್ಣಳತೆಯಲ್ಲೇ ತೆಗೆದು ಕೌಂಟರಿನ ಮೇಲೆ ಹಾಸುತ್ತಿದ್ದ. ಎದುರಿಗೆ ಬಂದವರ ಬಣ್ಣಕ್ಕೆ ತನ್ನದನ್ನು ಹೊಂದಿಸುವ ಆ ಗುಣ ಅಂಗಡಿಯಿಂದ ಮೈಗೂ ಹತ್ತಿಬಿಟ್ಟಿತ್ತೋ ಏನೋ. ಪಕ್ಷವೂ ಅವನಿಗೆ ಹಾಗೇ ಬಂದದ್ದು. ಯಾವ ದಿನದಿಂದ ನೀನು ಈ ಕಡೆಯವನಾದೆ ಎಂದು ಕೇಳಿದ್ದರೆ ಅವನು ಬಜಾರಿನ ಕಡೆ ಕೈ ತೋರಿಸುತ್ತಿದ್ದ. ಅಕ್ಕಪಕ್ಕದ ಅಂಗಡಿಯವರು ಆದರು, ಇವನೂ ಆದ. ಅವರು ಸಭೆಗೆ ಹೋದರು, ಇವನು ಕುರ್ಚಿಗಳು ಖಾಲಿ ಕಾಣಬಾರದೆಂದು ಹೋಗಿ ಕೂತ. ಒಂದು ದಿನ ಹನಮೇಶ ಗುಂಪಿಗೆ ಸೇರಿಸಿ "ನಮ್ಮ ಓಣಿ ಪ್ರಮುಖರು" ಎಂದು ಬರೆದ, ಇವನು ಪ್ರಮುಖನಾದ. ಆ ಗುಂಪಿನಲ್ಲೊಬ್ಬ ಒಮ್ಮೆ ಅವನ ಹೆಸರು ಹಿಡಿದು, "ಊರಿನ ಹೆಸರೆಲ್ಲ ಬದಲ್ ಆಗಾಕತ್ತಾವು, ಫಕೀರಪ್ಪನೋರದ್ದು ಯಾವಾಗ್ರಿ?" ಎಂದು ಚಾಷ್ಟಿ ಮಾಡಿದ್ದ. ಫಕೀರಸ್ವಾಮಿಗೆ ಹರಕೆ ಹೊತ್ತು ಹಡೆದ ಮಗ ತಾನು, ಮನೆತನದಲ್ಲಿ ಅಜ್ಜನದೂ ಇದೇ ಹೆಸರು ಎಂದು ಬರೆಯಲು ಹೊರಟ ಫಕೀರಪ್ಪ, ಬರೆದದ್ದನ್ನು ಅಳಿಸಿ, ಎಲ್ಲರಿಗಿಂತ ಜೋರಾಗಿ ನಗುವ ಚಿತ್ರವೊಂದನ್ನು ಹಾಕಿ ಫೋನು ಮಗುಚಿಟ್ಟಿದ್ದ.

ಅದಕ್ಕಿಂತ ಹೆಚ್ಚಿಗೆ ಚುಚ್ಚುತ್ತಿದ್ದದ್ದು ಇನ್ನೊಂದು. ಗುಲ್ನಾಜಳ ಗಂಡ ಕಮರುದ್ದೀನ ಮನೆಯಲ್ಲೇ ಮಷೀನು ಇಟ್ಟುಕೊಂಡು ಫಕೀರಪ್ಪನ ಅಂಗಡಿಗೆ ಬಂದ ಸೀರೆಗಳಿಗೆ ಫಾಲು ಹಚ್ಚಿಕೊಡುತ್ತ ಬಂದವನು. ಗಿರಾಕಿಗಳು ಅಂಗಡಿ ಹುಡುಕಿಕೊಂಡು ಬರುತ್ತಿದ್ದದ್ದು ಬಣ್ಣಕ್ಕಿಂತ ಹೆಚ್ಚಾಗಿ ಆ ಹೊಲಿಗೆಗೆ. ಹಿಂದೊಮ್ಮೆ ಹಬ್ಬದ ಮುಂದೆ ಊರಲ್ಲಿ ಮೆರವಣಿಗೆಯ ದಾರಿಯ ವಿಷಯಕ್ಕೆ ಗುಸುಗುಸು ಎದ್ದಾಗ ಫೋನಿಗೊಂದು ಸಂದೇಶ ಬಂತು: ಅವರ ಬಳಿ ಕೊಳ್ಳಬೇಡಿ, ಅವರಿಗೆ ಕೆಲಸ ಕೊಡಬೇಡಿ, ಇದನ್ನು ಹತ್ತು ಜನಕ್ಕೆ ಕಳಿಸಿ. ಗಿರಾಕಿಗೆ ಅಸ್ತರು ಅಳೆಯುತ್ತ ಅದನ್ನು ಪೂರ್ತಿ ಓದದೆಯೇ ಫಕೀರಪ್ಪ ಬಜಾರಿನ ಇನ್ನೊಂದು ಗುಂಪಿಗೆ ದೂಡಿದ. ಆ ಗುಂಪಿನಲ್ಲಿ ಕಮರುದ್ದೀನನೂ ಇದ್ದ. ಗೊತ್ತಾಗಿ ಅಳಿಸುವಷ್ಟರಲ್ಲಿ ಓದಬೇಕಾದವರು ಓದಿಯಾಗಿತ್ತು. ಮರುದಿನ ಬೆಳಿಗ್ಗೆ ಕಮರುದ್ದೀನ ದಿನದಂತೆ ಗಂಟು ಹೊತ್ತು ಬಂದ. ಸೀರೆಗಳನ್ನು ಬಿಚ್ಚಿ, "ಅಣ್ಣಾರ, ಈ ಹಸರ ಸೀರಿಗೆ ಸರಿ ದಾರ ಸಿಗಲಿಲ್ಲ, ಗಿಳಿಹಸರ ಹಚ್ಚೀನಿ. ನೋಡ್ರಿ, ಬ್ಯಾಡಾದ್ರ ಬಿಚ್ಚತೇನಿ" ಅಂದ. ಫಕೀರಪ್ಪ ಆ ದಾರವನ್ನು ಬೆಳಕಿಗೆ ಹಿಡಿದು, ತಿರುಗಿಸಿ, ಮತ್ತೆ ಹಿಡಿದು ನೋಡಿದ. ಮುಖ ಎತ್ತಿದರೆ ಕಮರುದ್ದೀನನನ್ನು ನೋಡಬೇಕಾಗುತ್ತಿತ್ತು. ಬೈದಿದ್ದರೆ, ಗಂಟು ಒಗೆದು ಹೋಗಿದ್ದರೆ, ತಾನೂ ಎರಡು ಮಾತಾಡಿ ಹಗುರಾಗುತ್ತಿದ್ದೆ ಎಂದು ಅವನಿಗೆ ಆಮೇಲೆ ಎಷ್ಟೋ ಸಲ ಅನ್ನಿಸಿದೆ. ಆ ಮನುಷ್ಯ ಅದೊಂದು ಸೌಕರ್ಯವನ್ನೂ ಕೊಟ್ಟಿರಲಿಲ್ಲ.

"ಅಣ್ಣಾರ, ಆಟೋ ತಂದೀನ್ರಿ!" ಹನಮೇಶನ ದನಿ ಬಾಗಿಲಲ್ಲಿ. ಕೊರಳಿಗೆ ಶಾಲು, ಕಿವಿಗೆ ಫೋನು, ಇನ್ನೊಂದು ಕೈಯಲ್ಲಿ ಇನ್ನೊಂದು ಫೋನು. ಒಳಗೆ ಬಂದವನೇ ಗೌರಕ್ಕನ ಕಾಲು ಮುಟ್ಟಿದ. "ಅಜ್ಜೀ, ನೀವು ಹೊಂಟ್ರಿ ಅಂದ್ರ ಇಡೀ ಓಣಿನ ಹೊಂಡತೈತಿ ನೋಡ್ರಿ."

"ಯಾಕಪಾ, ಓಣ್ಯಾಗಿನ ಮಂದಿಗೆ ಕಣ್ಣಿಲ್ಲೇನು?" ಅಂದಳು ಗೌರಕ್ಕ.

ಹನಮೇಶ ನಕ್ಕು, ಫಕೀರಪ್ಪನನ್ನು ಮೆಟ್ಟಿಲ ಬಳಿಗೆ ಕರೆದು ದನಿ ತಗ್ಗಿಸಿದ. "ಅವ್ವಾರು ಬಾಜೂ ಮನಿಯವರಿಗೆ ಮಾತು ಕೊಟ್ಟಾರಂತ ಸುದ್ದಿ ಬಂದೈತಿ. ಖರೇ ಏನ್ರಿ?"

"ಹಳೇ ಮಂದಿ," ಅಂದ ಫಕೀರಪ್ಪ.

"ಕೊಟ್ರ ಕೊಡಲಿ ಬಿಡ್ರಿ. ಒತ್ತೂ ಬಟ್ಟು ನಿಮ್ಮದಲ್ಲ? ಒಂದನೇದ್ದು. ನಮ್ಮ ಕಡಿಂದ ನಿಂತ ಚನ್ನವೀರ ಅಣ್ಣಾರಿಗೆ ನಾ ಹೇಳೀನಿ, ಫಕೀರಪ್ಪನೋರ ಮನಿ ಮೂರಕ್ಕ ಮೂರು ನಮ್ಮವು ಅಂತ."

ಫಕೀರಪ್ಪ ತಲೆಯಾಡಿಸಿದ. ಅವನಿಗೂ ಅದು ಸರಿಯೇ ಎನ್ನಿಸಿತ್ತು. ಮುಪ್ಪಿನವಳು, ಉಪಕಾರದ ಹಂಗಿಗೆ ಬಿದ್ದು ಮಾತು ಕೊಟ್ಟಿದ್ದಾಳೆ. ಅದನ್ನು ಸದ್ದಿಲ್ಲದೆ ಸರಿಪಡಿಸುವುದು ಮಗನ ಕೆಲಸ. ಇಷ್ಟು ವರ್ಷ ಮಾಡಿಕೊಂಡು ಬಂದದ್ದೂ ಅದನ್ನೇ. ಅವ್ವ ಹೇಳಿದ್ದಕ್ಕೆಲ್ಲ ಅವನು ಹೂಂ ಅಂದವನು, ಅನ್ನದಿದ್ದದ್ದಿಲ್ಲ. ಮಾಡಿದ್ದು ಮಾತ್ರ ತನಗೆ ಸರಿ ಕಂಡದ್ದನ್ನು. ಹಿತ್ತಲಿನ ಪೇರಲ ಗಿಡ ಕಡಿಯಬೇಡ ಅಂದಳು, ಹೂಂ ಅಂದ, ಅವಳು ತವರಿಗೆ ಹೋದಾಗ ಕಡಿಸಿ ಬಚ್ಚಲು ಕಟ್ಟಿಸಿದ. ಅವಳು ಬಂದು ಗಿಡವಿದ್ದ ಜಾಗದಲ್ಲಿ ನಿಂತು, ಗೋಡೆ ಮುಟ್ಟಿ ನೋಡಿ, "ಛಲೋ ಆಗೈತಿ" ಅಂದಿದ್ದಳು.

ಮತಗಟ್ಟೆ ಇದ್ದದ್ದು ಗಂಡುಮಕ್ಕಳ ಸರಕಾರಿ ಸಾಲೆಯಲ್ಲಿ. ಆಟೋ ಹೋಗುವಷ್ಟು ದೂರವೇನಲ್ಲ. ಆದರೆ ಕಣ್ಣಿಲ್ಲದ ಮುದುಕಿ ಆಟೋದಿಂದ ಇಳಿಯುವುದನ್ನು ನಾಲ್ಕು ಜನ ನೋಡಬೇಕೆಂಬುದು ಹನಮೇಶನ ಲೆಕ್ಕ. ದಾರಿಯಲ್ಲಿ ಗೌರಕ್ಕ ಗಾಳಿಗೆ ಮುಖವೊಡ್ಡಿ ಕೂತಿದ್ದಳು. ಒಮ್ಮಿಂದೊಮ್ಮೆಲೆ, "ನಿಮ್ಮಪ್ಪ ನನ್ನ ಕರಕೊಂಡು ಹೋಗ್ತಿದ್ದ ನೋಡು, ದಾರಿ ತುಂಬ ಪಾಠ ಮಾಡ್ತಿದ್ದ. ಈ ಗುರ್ತು, ಇಲ್ಲಿ ಮುದ್ರಿ ಒತ್ತು, ಹೊರಗ ಬಂದು ಹೇಳು ಅಂತ" ಅಂದಳು. "ಒಮ್ಮ್ಯಾದರೂ ಅಂವ ಹೇಳಿದ್ದಕ್ಕ ನಾ ಒತ್ತಿಲ್ಲ."

ಹನಮೇಶ ಮುಂದಿನ ಸೀಟಿನಿಂದ ಹಿಂದಕ್ಕೆ ತಿರುಗಿ ನೋಡಿದ. ಅತ್ತೆಯ ಪಕ್ಕದಲ್ಲಿ ಕೂತಿದ್ದ ದಾಕ್ಷಾಯಿಣಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

"ಅಪ್ಪಗ ಗೊತ್ತಿತ್ತೇನ ಬೇ?"

"ಗೊತ್ತಾಗಾಕ ಅಂವೇನು ಒಳಗ ಬರ್ತಿದ್ನೇನು? ಮನಿಯಾಗ ನನಗಂತ ಒಂದು ಖೋಲಿ ಇರಲಿಲ್ಲಪಾ. ಆ ರಟ್ಟಿನ ಹಿಂದ ಒಬ್ಬಾಕಿನ ಇರ್ತಿದ್ದೆ."

ಫಕೀರಪ್ಪ ಹೊರಗೆ ನೋಡತೊಡಗಿದ. ಮುಚ್ಚಿದ ಅಂಗಡಿಗಳ ಮುಂದೆ ಜನ ಕುರ್ಚಿ ಹಾಕಿಕೊಂಡು ಕೂತಿದ್ದರು, ರಜೆ ಸಿಕ್ಕ ಸಂಭ್ರಮದಲ್ಲಿ; ಅವರಲ್ಲಿ ಎಷ್ಟೋ ಮಂದಿ ಸಂಜೆಯವರೆಗೂ ಹಾಗೇ ಕೂತಿರುತ್ತಾರೆ, ನಾಳೆ ಅದೇ ಕುರ್ಚಿಯಲ್ಲಿ ಕೂತು ಊರು ಹಾಳಾಯಿತೆನ್ನುತ್ತಾರೆ. ಅವರನ್ನು ಕಂಡು ಅವನಿಗೆ ಮೊದಲ ಬಾರಿ ಹೊಟ್ಟೆಕಿಚ್ಚಾಯಿತು. ಅವ್ವನ ಆ ಒಂದೇ ಖೋಲಿಯೊಳಗೆ ಇವತ್ತು ತಾನು ಕಾಲಿಡುತ್ತಿದ್ದೇನೆ, ಅದೂ ಅವಳೇ ಕರೆದಿದ್ದಾಳೆ. ಗಂಡನಿಗೆ ಹಾಕಿದ ಬಾಗಿಲನ್ನು ಮಗನಿಗೆ ತೆರೆದಿದ್ದಾಳೆ. ಹೀಗೆ ಯೋಚಿಸಿದ್ದೇ ತಪ್ಪಾಯಿತು. ಆಟೋ ನಿಂತದ್ದೂ ತಿಳಿಯದೆ ಕೂತವನನ್ನು ಹನಮೇಶನೇ ಕೂಗಿ ಇಳಿಸಬೇಕಾಯಿತು.

ಸಾಲೆಯ ಗೇಟಿನಿಂದ ಆಚೆ ಎರಡೂ ಪಕ್ಷಗಳ ಮೇಜುಗಳು ಎದುರುಬದುರು. ಆ ಮೇಜಿನ ಬಳಿ ಶಾನವಾಜ ಕೈಮುಗಿದು ನಿಂತಿದ್ದ, ಈ ಮೇಜಿನ ಬಳಿ ಚನ್ನವೀರ ಕೈಮುಗಿದು ನಿಂತಿದ್ದ. ಇಬ್ಬರ ಬಿಳಿ ಅಂಗಿಯೂ ಒಂದೇ ಥಾನಿನ ಬಟ್ಟೆಯದು ಎಂಬುದನ್ನು ಫಕೀರಪ್ಪನ ಕಣ್ಣು ತಾನೇ ತಾನಾಗಿ ಗುರುತಿಸಿತು. ದಾಕ್ಷಾಯಿಣಿ ಹೆಂಗಸರ ಸಾಲಿಗೆ ಸೇರಿಕೊಂಡಳು. ಅದೇ ಸಾಲಿನಿಂದ ಗುಲ್ನಾಜ ಓಡಿ ಬಂದು, "ಅವ್ವಾರ, ಮೆಟ್ಟಲ ಅದಾವ, ಸಾವಕಾಶ" ಎನ್ನುತ್ತ ಗೌರಕ್ಕನ ಇನ್ನೊಂದು ತೋಳು ಹಿಡಿದಳು. ಬುರಖಾದ ಒಳಗಿನಿಂದಲೇ ಫಕೀರಪ್ಪನಿಗೆ ಸಲಾಮು ಮಾಡಿದಳು. ಒಂದು ಕಡೆ ಗುಲ್ನಾಜ, ಒಂದು ಕಡೆ ತಾನು, ನಡುವೆ ಅವ್ವ. ಮೂವರೂ ಹಾಗೆ ಮೆಟ್ಟಿಲು ಹತ್ತುವುದನ್ನು ಹನಮೇಶ ಫೋಟೋ ತೆಗೆಯಲು ಫೋನೆತ್ತಿದವನು, ಬುರಖಾ ಚೌಕಟ್ಟಿನೊಳಗೆ ಬರುತ್ತಿದೆಯೆಂದು ತಿಳಿದು ಕೆಳಗಿಳಿಸಿದ. ಬಾಗಿಲ ಬಳಿ ಗುಲ್ನಾಜ ತೋಳು ಬಿಟ್ಟಳು. ಏನನ್ನೂ ಕೇಳಲಿಲ್ಲ, ನೆನಪಿಸಲಿಲ್ಲ. ತನ್ನ ಸಾಲಿನ ಜಾಗಕ್ಕೆ ಹೋಗಿ ನಿಂತಳು.

ಒಳಗೆ ಅಧಿಕಾರಿ ಕನ್ನಡಕವನ್ನು ಹಣೆಗೇರಿಸಿಕೊಂಡಿದ್ದ, ಯಾವುದೋ ಕಾಲೇಜಿನ ಮೇಷ್ಟ್ರಂತೆ ಕಾಣುವ ಮನುಷ್ಯ. "ಮೊದಲ ನಿಮ್ಮದು ಹಾಕಿ ಬರ್ರಿ, ಆಮ್ಯಾಲೆ ಅಮ್ಮಾರದ್ದು" ಅಂದ. ಫಕೀರಪ್ಪ ರಟ್ಟಿನ ಹಿಂದೆ ಹೋಗಿ, ಹೆಸರನ್ನೂ ಓದದೆ, ಅಂಗಡಿಯ ಕಪಾಟಿನಿಂದ ದಿನವೂ ಖರ್ಚಾಗುವ ಮಾಲು ತೆಗೆಯುವಂತೆ ಒಂದನೇ ಗುಂಡಿ ಒತ್ತಿ ಬಂದ. ಆಮೇಲೆ ಅಧಿಕಾರಿ ಕಾಗದವೊಂದನ್ನು ಮುಂದಿಟ್ಟು, "ಅವರು ಹೇಳಿದ್ದಕ್ಕನ ಒತ್ತಬೇಕ್ರಿ. ಯಾವುದಕ್ಕ ಒತ್ತಿದ್ರಿ ಅನ್ನೂದು ಯಾರ ಮುಂದೂ ಬಾಯಿಬಿಡಬಾರದು. ಇಲ್ಲಿ ಸಹಿ" ಅಂದ. ಫಕೀರಪ್ಪ ಸಹಿ ಮಾಡಿದ. ಎಡಗೈ ಬೆರಳಿಗೆ ಆಗಲೇ ಶಾಯಿ ಹಚ್ಚಿದ್ದರು. ಈಗ ಸಹಾಯಕನೆಂದು ಬಲಗೈ ಬೆರಳಿಗೂ ಹಚ್ಚಿದರು. ಎರಡೂ ಕೈ ಮುಂದೆ ಚಾಚಿಕೊಂಡು ಒಣಗಿಸುತ್ತ ನಿಂತಾಗ ತಾನು ಯಾವುದೋ ಕೆಲಸ ಕೆಡಿಸಿ ಸಿಕ್ಕಿಬಿದ್ದವನ ಹಾಗೆ ಕಾಣುತ್ತಿರಬೇಕು ಅನ್ನಿಸಿತು.

ರಟ್ಟಿನ ಮರೆಗೆ ಬಂದಾಗ ಗೌರಕ್ಕ ನಿಂತು ಒಂದು ದೀರ್ಘ ಉಸಿರು ಎಳೆದುಕೊಂಡಳು, ತವರುಮನೆಯ ಹೊಸ್ತಿಲು ದಾಟಿದವಳ ಹಾಗೆ. ಕೈಯನ್ನು ಚಾಚಿ ಯಂತ್ರವನ್ನು ಮುಟ್ಟಿದಳು, ರಟ್ಟನ್ನು ಮುಟ್ಟಿದಳು. ಮಗನ ಮೊಣಕೈ ಹಿಡಿದು, ಕಿವಿಗೆ ಬಾಯಿ ತಂದು, "ಮೂರನೇದ್ದು" ಅಂದಳು. "ಮಾತು ಕೊಟ್ಟೀನಿ. ಕೇಳಿಸಿತಿಲ್ಲೋ?"

"ಕೇಳಿಸಿತು."

ಅವನ ಬೆರಳು ಒಂದನೇ ಗುಂಡಿಯ ಮೇಲಿತ್ತು. ಯಾವುದನ್ನು ಒತ್ತಿದರೂ ಪೀಂ ಎನ್ನುವ ಸದ್ದು ಒಂದೇ. ಅವಳಿಗೆ ತಿಳಿಯುವಂತಿಲ್ಲ, ಯಾರಿಗೂ ತಿಳಿಯುವಂತಿಲ್ಲ, ಕೇಳುವವರಿಲ್ಲ, ಹೇಳಕೂಡದೆಂದು ಕಾಗದವೇ ಇದೆ. ಇಷ್ಟು ಸಲೀಸಾಗಿ ಒಬ್ಬರಿಗೆ ಮೋಸ ಮಾಡುವ ಅನುಕೂಲ ಅವನಿಗೆ ಆಯುಷ್ಯದಲ್ಲಿ ಎಂದೂ ಒದಗಿರಲಿಲ್ಲ. ಆ ಸಲೀಸೇ ಅವನನ್ನು ಹಿಡಿದು ನಿಲ್ಲಿಸಿತು. ಪೇರಲ ಗಿಡವನ್ನು ಕಡಿಸಲು ಅವಳು ತವರಿಗೆ ಹೋಗುವುದನ್ನಾದರೂ ಕಾಯಬೇಕಾಗಿತ್ತು. ಇಲ್ಲಿ ಅವಳು ಮೊಣಕೈ ಹಿಡಿದು ಪಕ್ಕದಲ್ಲೇ ನಿಂತಿದ್ದಾಳೆ, ಮುಖ ಮೇಲೆತ್ತಿ, ವಿಭೂತಿ ಹುಬ್ಬಿನ ಮೇಲಕ್ಕೆ ಹತ್ತಿ. ಎಲ್ಲಿಂದಲೋ ಕಮರುದ್ದೀನನ ಆ ಹಸಿರು ದಾರ ಕಣ್ಣ ಮುಂದೆ ಬಂತು. ಹೊರಗೆ ಅಧಿಕಾರಿ ಕೆಮ್ಮಿದ. ಫಕೀರಪ್ಪನ ಬೆರಳು ಕೆಳಗೆ ಜಾರಿತು, ಎರಡನೆಯದನ್ನು ದಾಟಿತು, ಮೂರನೆಯದರ ಮೇಲೆ ಬಂದು, ಬೇರೆ ಯಾರದೋ ಬೆರಳಿನ ಹಾಗೆ ಒತ್ತಿಬಿಟ್ಟಿತು.

ಪೀಂ.

"ಆತೇನು?"

"ಆತು ಯವ್ವಾ."

ಹೊರಗೆ ಬಂದಾಗ ಬಿಸಿಲು ಬೇರೆಯೇ ಆಗಿತ್ತು. ಹನಮೇಶ ಗೌರಕ್ಕನ ಬೆರಳೆತ್ತಿಸಿ ಫೋಟೋ ತೆಗೆದ, ಫಕೀರಪ್ಪನ ಎರಡೂ ಬೆರಳು ಕಂಡು "ಡಬಲ್ ಹೊಡೆದ್ರಲ್ರಿ ಅಣ್ಣಾರ!" ಎಂದು ಕೂಗಿದ, "ಮೂರಕ್ಕ ಮೂರು?" ಎಂದು ಕಣ್ಣು ಮಿಟುಕಿಸಿದ. "ಮೂರಕ್ಕ ಮೂರು" ಅಂದ ಫಕೀರಪ್ಪ. ಸುಳ್ಳು ಹೇಳಿದ್ದಕ್ಕೆ ನಾಚಿಕೆಯಾಗಲಿಲ್ಲ. ಒಳಗೆ ಏನೋ ಬೆಳ್ಳಗೆ ಹಗುರಾಗಿ ತೇಲುತ್ತಿತ್ತು. ಮನೆಗೆ ನಡೆದೇ ಹೋಗೋಣವೆಂದ. ಅವ್ವನ ಕೈ ಹಿಡಿದು ನಡೆಯುತ್ತ ಲೆಕ್ಕ ಹಾಕಿದ: ತನ್ನ ಎಡಗೈ ಹಾಕಿದ್ದನ್ನು ತನ್ನ ಬಲಗೈ ಹೊಡೆದುಹಾಕಿದೆ. ಆ ಕುರ್ಚಿಗಳಲ್ಲಿ ಕೂತವರ ಹಾಗೆ ಮನೆಯಲ್ಲೇ ಉಳಿದಿದ್ದರೂ ಚನ್ನವೀರನಿಗಾಗಲಿ ಶಾನವಾಜನಿಗಾಗಲಿ ಕೂದಲಷ್ಟೂ ವ್ಯತ್ಯಾಸವಾಗುತ್ತಿರಲಿಲ್ಲ. ಮತದಾನದ ಪ್ರಮಾಣ ಮಾತ್ರ ಎರಡು ತಲೆ ಹೆಚ್ಚಿತು. ಅದು ನೆನೆದು ನಗು ಬಂತು. ದಾರಿಯಲ್ಲಿ ಕಮರುದ್ದೀನ ಎದುರಾದ. ಎಷ್ಟೋ ದಿನದ ನಂತರ ಫಕೀರಪ್ಪ ಅವನ ಮುಖವನ್ನೇ ನೋಡಿ, "ಊಟ ಆತೇನೋ ಕಮ್ರೂ?" ಅಂದ. ಊಟದ ಹೊತ್ತು ಇನ್ನೂ ಆಗಿರಲಿಲ್ಲ. ಕಮರುದ್ದೀನ ಬೆರಗಾಗಿ, "ಇಲ್ರಿ ಅಣ್ಣಾರ, ಆಗಬೇಕು" ಅಂದು ದಾರಿ ಬಿಟ್ಟ.

ಉಂಡ ಮೇಲೆ ದಾಕ್ಷಾಯಿಣಿ ಮಲಗಿದಳು. ಫಕೀರಪ್ಪ ಅವ್ವನ ಮಂಚದ ಬಳಿ ಸ್ಟೂಲು ಎಳೆದು ಕೂತ. ಹೇಳಬಾರದು ಎಂದು ಸಹಿ ಮಾಡಿದ್ದೇನೋ ನಿಜ. ಆದರೆ ವೋಟು ಯಾರದೋ ಅವರಿಗೇ ಹೇಳುವುದಕ್ಕೆ ಅಡ್ಡಿಯಿರಲಾರದು. ತಾನು ಆ ರಟ್ಟಿನ ಹಿಂದೆ ಎಂಥ ಮಗನಾಗಿದ್ದೆ ಎಂಬುದು ಈ ಲೋಕದಲ್ಲಿ ಒಬ್ಬರಿಗಾದರೂ ಗೊತ್ತಾಗಬೇಡವೇ?

"ಯವ್ವಾ, ಇವತ್ತ ಒಳಗ..." ಎಂದು ಶುರು ಮಾಡಿದ.

ಗೌರಕ್ಕ ಎಲೆಅಡಿಕೆಯ ಬಾಯಲ್ಲೇ ನಕ್ಕಳು. "ಗೊತ್ತೈತಿ ಬಿಡು, ನೀ ಏನು ಮಾಡಿ ಅಂತ."

ಫಕೀರಪ್ಪ ಸ್ಟೂಲನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡ. ಹೇಳದೆಯೇ ತಿಳಿದಿದ್ದಾಳೆ. ಬೆರಳು ಮೇಲಿನಿಂದ ಕೆಳಕ್ಕೆ ಜಾರಿದ್ದು ಮೊಣಕೈ ಹಿಡಿದವಳಿಗೆ ಗೊತ್ತಾಗದೇ ಇರುತ್ತದೆಯೇ? ಅವನ ಕಣ್ಣುಗಳು ಒದ್ದೆಯಾದವು.

"ಒಂದನೇದ್ದು ಒತ್ತಿದಿ," ಅಂದಳು ಗೌರಕ್ಕ, ದನಿ ತಗ್ಗಿಸಿ, ಖುಷಿಯಲ್ಲಿ. "ನಾ ಮೂರು ಅಂದೆ, ನೀ ಒಂದು ಒತ್ತಿದಿ. ನಾ ಹೇಳಿದ್ದು ನೀ ಯಾವಾಗ ಕೇಳಿದಿ? ಅದಕ್ಕ ನಿನ್ನ ಕರಕೊಂಡು ಹೋದೆ. ಸೊಸಿ ಬಂದಿದ್ರ ಹೇಳಿದ್ದನ್ನ ಒತ್ತಿಬಿಡತಿದ್ಲು, ಹುಚ್ಚಿ."

ಅವನಿಗೆ ಅರ್ಥವಾಗಲು ಹೊತ್ತು ಹಿಡಿಯಿತು. "ಮತ್ತ... ಮಾತು ಕೊಟ್ಟೀನಿ ಅಂದಿ?"

"ಕೊಡದ ಏನ್ ಮಾಡಲಿ? ದಿನಾ ನನ್ನ ಬಚ್ಚಲಕ ಕರಕೊಂಡು ಹೋಗಾಕಿ ಕಾಲ ಹಿಡಕೊಂಡು ಕೇಳಿದ್ಲು. ಇಲ್ಲ ಅನ್ನಾಕ ಬಾಯಿ ಬರಲಿಲ್ಲ. ಹಂಗಂತ ನಮ್ಮ ಚನ್ನವೀರನ್ನ ಬಿಡಾಕ ಬರತೈತೇನು? ನಮ್ಮ ತವರಿನ ಕಡೆ ಹುಡುಗ, ಮಠದ ಅಜ್ಜಾರು ಬ್ಯಾರೆ ಹೇಳಿ ಕಳಿಸ್ಯಾರ. ವಿಚಾರ ಮಾಡಿ ಮಾಡಿ ತಲಿ ಚಿಟ್ಟ ಹಿಡೀತು. ಕಡೀಕ ಹೊಳೀತು. ನನ್ನ ಕೆಲಸ ಹೇಳೂದು. ಹೇಳಿದೆ, ಮಾತು ಉಳೀತು. ಒತ್ತೂದು ನಿಂದು. ಪಾಪ ಬಂದ್ರ ನಿನಗ ಬರತೈತಿ, ನೀ ಗಂಡಸು, ತಡಕೋತಿ." ಹೀಗೆಂದು ಅವಳು ಕೈ ಚಾಚಿ ಅವನ ಮಂಡಿಯನ್ನು ತಟ್ಟಿದಳು. ಆಮೇಲೆ ಕೈ ಅಲ್ಲೇ ನಿಂತಿತು. ಅವನು ಸುಮ್ಮನಿದ್ದದ್ದು ಹೆಚ್ಚಾಗಿತ್ತು. "ಹೌದಿಲ್ಲೋ? ಒಂದಕ್ಕ ಒತ್ತಿಯಿಲ್ಲೋ?"

ಆ ದನಿಯಲ್ಲಿ ಮೊದಲ ಸಲ ಅಳುಕಿತ್ತು. ಕುರುಡಿಯ ಮುಖ ತನ್ನ ಕಡೆಗೆ ತಿರುಗಿ ಕಾಯುತ್ತಿರುವುದನ್ನು ಫಕೀರಪ್ಪ ನೋಡಿದ. ಹುಟ್ಟಿದಾಗಿನಿಂದ ಒಂದೇ ಒಂದು ಸಲ ಅವಳ ಮಾತು ಕೇಳಿದ್ದ. ಅದನ್ನು ಈಗ ಹೇಳಿದರೆ ಅವಳು ಉಣ್ಣುವುದಿಲ್ಲ, ನಿದ್ದೆ ಮಾಡುವುದಿಲ್ಲ, ಮಠದ ಸ್ವಾಮಿಗಳಿಗೆ ಏನು ಹೇಳಲಿ ಎಂದು ಹಲುಬುತ್ತಾಳೆ.

"ಮತ್ತೇನು? ಒಂದಕ್ಕನ ಒತ್ತೀನಿ" ಅಂದ.

"ನನ್ನ ಮಗ," ಅಂದಳು ಗೌರಕ್ಕ. ಅವಳ ಕೈ ಮಂಡಿಯಿಂದ ಮೇಲೇರಿ, ತಡಕಾಡಿ, ಅವನ ಕೆನ್ನೆ ಸವರಿತು. ಬಹಳ ವರ್ಷಗಳಿಂದ ಅವಳು ಹಾಗೆ ಮಾಡಿರಲಿಲ್ಲ. ಮಾಡದ ಮೋಸಕ್ಕೆ ಸಿಕ್ಕ ಆ ಮಮತೆಯನ್ನು ಬೇಡವೆನ್ನಲೂ ಆಗದೆ, ಫಕೀರಪ್ಪ ಕೆನ್ನೆಯೊಡ್ಡಿ ಕೂತೇ ಇದ್ದ.

ಸಂಜೆ ಮತದಾನ ಮುಗಿದು ಹನಮೇಶನ ಸಂದೇಶ ಬಂತು: ನಮ್ಮ ಓಣಿಯಲ್ಲಿ ಹೋದ ಸಲಕ್ಕಿಂತ ಜಾಸ್ತಿಯಾಗಿದೆ, ಎಲ್ಲರಿಗೂ ಅಭಿನಂದನೆ. ಕೆಳಗೆ ಬೆರಳೆತ್ತಿದ ಗೌರಕ್ಕನ ಫೋಟೋ. ಅದರ ಕೆಳಗೆ ಮುಗಿದ ಕೈಗಳು. ದೀಪ ಹಾಕುವ ಹೊತ್ತಿಗೆ ಗುಲ್ನಾಜ ಬಂದಳು. ಇಡೀ ದಿನ ಮೇಜಿನ ಬಳಿ ನಿಂತು ಅವಳ ದನಿ ಕೂತುಹೋಗಿತ್ತು. ಮಂಚದ ಕೆಳಗೆ ಕೂತು ಅಭ್ಯಾಸದಿಂದೆಂಬಂತೆ ಗೌರಕ್ಕನ ಪಾದ ಒತ್ತತೊಡಗಿದಳು.

"ನಿಮ್ಮ ಹುಡುಗಗ ಹಾಕೀನಿ ನೋಡವ್ವಾ," ಅಂದಳು ಗೌರಕ್ಕ ತಡವರಿಸದೆ. "ಮಾತು ಅಂದ್ರ ಮಾತು. ಮಗನ ಕಿವ್ಯಾಗ ಹೇಳಿ ಒತ್ತಿಸೀನಿ. ಇದ್ದಾನಲ್ಲ, ಕೇಳು."

"ನಿಮ್ಮ ಮಾತಿಗೆ ಕೇಳೂದೇನೈತ್ರಿ ಅವ್ವಾರ," ಅಂದಳು ಗುಲ್ನಾಜ. ಫಕೀರಪ್ಪನ ಕಡೆ ನೋಡಲಿಲ್ಲ.

ಸುಳ್ಳೆಂದು ತಿಳಿದು ಅವ್ವ ಹೇಳಿದ್ದು ನಿಜವಾಗಿತ್ತು. ನಿಜವೆಂದು ಹೇಳಬಲ್ಲ ಒಬ್ಬನೇ ಒಬ್ಬ ಗೋಡೆಗೆ ಒರಗಿ ನಿಂತಿದ್ದ. ಗುಲ್ನಾಜ ಹೊರಟಾಗ ಫಕೀರಪ್ಪ ಯಾಕೆಂದು ತಿಳಿಯದೆ ಅವಳ ಹಿಂದೆ ಕಟ್ಟೆಯವರೆಗೆ ಹೋದ. ಅವಳು ತಿರುಗಿ, ದನಿ ತಗ್ಗಿಸಿ ಅಂದಳು: "ಅಣ್ಣಾರ, ಅವ್ವಾರ ಮುಂದ ಏನೂ ಬಾಯಿಬಿಡಬ್ಯಾಡ್ರಿ. ಅವರು ಹೇಳಿರ್ತಾರ, ನನಗ ಗೊತ್ತೈತಿ. ನೀವು ನಿಮ್ಮದಕ್ಕ ಒತ್ತಿರ್ತೀರಿ. ನಾವೇನೂ ತಪ್ಪು ತಿಳಕೊಂಡಿಲ್ಲ. ನಮ್ಮ ಯಜಮಾನರೂ ಇದನ್ನ ಹೇಳಾಕತ್ತಿದ್ರು."

"ಇಲ್ಲ ಭಾಬಿ." ಅವನ ದನಿ ಪಿಸುಗುಟ್ಟುತ್ತ ಬಂತು. ಸಹಿ ಮಾಡಿದ ಕಾಗದ, ಒಳಗೆ ಕಿವಿ ನಿಮಿರಿಸಿ ಕೂತ ಅವ್ವ, ಹನಮೇಶ, ಚನ್ನವೀರ, ಯಾವುದೂ ಆ ಹೊತ್ತಿಗೆ ಬೇಡವಾಗಿತ್ತು. "ಖರೇನ ಮೂರಕ್ಕ ಒತ್ತೀನಿ. ಅವ್ವನ ಆಣಿ."

ಗುಲ್ನಾಜ ಅವನನ್ನು ನೋಡಿದಳು. ಬೀದಿದೀಪದ ಬೆಳಕಿನಲ್ಲಿ ಆ ಮುಖದ ಮೇಲೆ ಸಿಟ್ಟಿರಲಿಲ್ಲ. ಗುರುತಿನವರು ಎಲ್ಲರ ಎದುರಿಗೆ ಕಾಲು ಜಾರಿ ಬಿದ್ದಾಗ ನೋಡಿಯೂ ನೋಡದ ಹಾಗೆ ಮಾಡುತ್ತಾರಲ್ಲ, ಅಂಥ ಸಂಕೋಚವಿತ್ತು.

"ಸುಳ್ಳ ಯಾಕ ಹೇಳ್ತೀರಿ ಅಣ್ಣಾರ?" ಅಂದಳು ಮೆಲ್ಲಗೆ. "ನಾ ನಿಮ್ಮನ್ನ ಕೇಳೇ ಇಲ್ಲಲ್ಲ."

ಅವಳು ತನ್ನ ಮನೆಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡಳು. ಒಳಗೆ ಕಮರುದ್ದೀನನ ಮಷೀನು ಓಡತೊಡಗಿತು. ರಜೆಯ ದಿನದ ಬಾಕಿ ಕೆಲಸ. ಫಕೀರಪ್ಪ ಕಟ್ಟೆಯ ಮೇಲೆಯೇ ನಿಂತ.

"ಏನಂದ್ಲೋ?" ಪಡಸಾಲೆಯಿಂದ ಅವ್ವ ಕೇಳಿದಳು.

"ಏನಿಲ್ಲ. ನೀ ಮಾತಿಗೆ ತಪ್ಪದಾಕಿ ಅಂದ್ಲು."

"ಅಂದ ಅಂತಾಳ," ಅಂದಳು ಗೌರಕ್ಕ, ಕಾಲು ಚಾಚಿಕೊಳ್ಳುತ್ತ. "ನಾಳೆ ಆಕಿಗೆ ಎರಡು ಹೋಳಿಗಿ ಕೊಟ್ಟ ಬಾ. ಪಾಪ, ಹಾಕಿಲ್ಲಂತ ಗೊತ್ತಾದ್ರ ಕೆಟ್ಟ ಅನಿಸತೈತಿ."